ಗುಂಡಿ, ಒಂದು

ಕುಂಬಳೆ ಠಾಣೆಯ ಎದುರು ನನ್ನ ಅಂಗಡಿ,
ಅದೇ ನಾನು ಮಾಡಿದ ತಪ್ಪು.
ಮಹಜರಿಗೆ ಇಬ್ಬರು ಬೇಕೆಂದರೆ
ಪೊಲೀಸರು ರಸ್ತೆ ದಾಟಿದರೆ ಸಾಕು:
‘ಐತ್ತಪ್ಪಣ್ಣ, ಒಂದು ರುಜು ಉಂಟು, ಬನ್ನಿ.’
ಹದಿನೇಳು ವರ್ಷದಲ್ಲಿ ಎಷ್ಟಕ್ಕೆ ಹಾಕಿದ್ದೇನೋ,
ಮರಳಿನ ಲಾರಿ, ಕ್ಯಾನಿನ ಸ್ಪಿರಿಟ್, ಕದ್ದ ದನದ ಹಗ್ಗ,
ಒಮ್ಮೆ ಎಡಗಾಲಿನ ಒಂಟಿ ಚಪ್ಪಲಿ.
ಬರೆಯುವುದು ಮಲಯಾಳದಲ್ಲಿ. ಆಡಲು ಬರುತ್ತದೆ ನನಗೆ,
ಓದಹೋದರೆ ಅಕ್ಷರವೆಲ್ಲ ಚಕ್ಕುಲಿ.

ಆ ಬೆಳಿಗ್ಗೆ ಐಸ್ ಪ್ಲಾಂಟಿನ ಹಿಂದೆ
ಉಪ್ಪುನೀರಿನ ಹುಲ್ಲಿನಲ್ಲಿ ಬಿದ್ದಿದ್ದವನನ್ನು
ನಾವು ಮುಟ್ಟುವ ಮೊದಲೇ ಕೊಂಡೊಯ್ದಿದ್ದರು.
ಉಳಿದದ್ದು ಅವನ ಆಕಾರದಲ್ಲಿ ಮಲಗಿದ ಹುಲ್ಲು.

ಕಣ್ಣೂರಿನಿಂದ ಬಂದ ಹುಡುಗಿ, ಸೈಂಟಿಫಿಕ್ ಆಫೀಸರಂತೆ,
ಬಾಗಿ, ಕೂತು, ಮತ್ತೆ ಬಾಗಿ
ಒಂದೊಂದರ ಪಕ್ಕ ಹಳದಿ ನಂಬರು ಇಡುತ್ತಿದ್ದಳು
ಮದುವೆಮನೆಯಲ್ಲಿ ಎಲೆ ಹಾಕುವವರ ಹಾಗೆ.
ಮೊದಲು ದೂರದಿಂದ ಫೋಟೋ, ಆಮೇಲೆ ಹತ್ತಿರದಿಂದ,
ಆಮೇಲೆ ಅಡಿಕೋಲಿನ ತುಂಡು ಪಕ್ಕಕ್ಕಿಟ್ಟು ಇನ್ನೊಂದು.
ಅಳತೆಯಾಗದೆ ಯಾವುದನ್ನೂ ಮುಟ್ಟಲಿಲ್ಲ.
ಇವಳಿಗೆ ಹೊಲಿಗೆ ಬಂದೀತು ಅಂದುಕೊಂಡೆ.

ನೆತ್ತರ ಬಟ್ಟೆಯನ್ನು ಪ್ಲಾಸ್ಟಿಕಿಗೆ ತುಂಬಹೊರಟ ಹೊಸ ಪೊಲೀಸನಿಗೆ
‘ಕಾಗದ’ ಎಂದಳು, ತಲೆಯೆತ್ತದೆ. ‘ಒದ್ದೆಯದ್ದು ಉಸಿರಾಡಬೇಕು.’

ಆರನೆಯ ನಂಬರು.
ಚಿಮುಟದಲ್ಲಿ ಹಿಡಿದು ಬೆಳಕಿಗೆ ಎತ್ತಿದಳು.
‘ಇದಕ್ಕೆ ಕನ್ನಡದಲ್ಲಿ ಏನು?’ ರೈಟರ್ ಭಾಸ್ಕರನ್ ಕೇಳಿದ.
‘ಗುಂಡಿ.’
‘ಅದು ಕುಳಿ ಅಲ್ಲವಾ?’
‘ಅದೂ ಗುಂಡಿ. ಅಂಗಿಯದ್ದೂ ಗುಂಡಿ, ನೆಲದ್ದೂ ಗುಂಡಿ.
ಬಿದ್ದ ಮೇಲೆ ಗೊತ್ತಾಗುತ್ತದೆ ಯಾವುದೆಂದು.’
ಅವನು ನಕ್ಕ. ನಾನೂ ನಕ್ಕೆ,
ಇನ್ನೂ ಸರಿಯಾಗಿ ನೋಡಿರಲಿಲ್ಲ.

ಗಟ್ಟಿಯಾಗಿ ಹೇಳುತ್ತಾ ಬರೆದ:
ಬಟನ್, ಒಂದು. ತೂತು ನಾಲ್ಕು. ಅದರಲ್ಲಿ ಕರುಪ್ಪು ನೂಲು.

ಕಪ್ಪಲ್ಲ.
ನೀಲಿ. ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವ ನೀಲಿ.
ಮಂಗಳೂರಿನವರು ಕಪ್ಪೆಂದು ಕಟ್ಟಿಕೊಟ್ಟ ಹನ್ನೆರಡು ರೀಲು,
ಹಿಂದೆ ಕೊಡಹೋದರೆ ಬಸ್ಸಿನ ದುಡ್ಡು ದಂಡವೆಂದು
ನಾನೇ ಮುಗಿಸುತ್ತಿದ್ದದ್ದು.
ತೂತಿಗೆ ಅಡ್ಡಡ್ಡ ಹಾಕಿ, ಕುತ್ತಿಗೆಗೆ ಮೂರು ಸುತ್ತು,
ಕೊನೆಗೆ ಗಂಟನ್ನು ಅಡಿಗೆ ನುಂಗಿಸುವುದು
ಅಪ್ಪ ಕಲಿಸಿದ ಕ್ರಮ. ಈ ಪೇಟೆಯಲ್ಲಿ
ಬೇರೆ ಯಾರಿಗೂ ಅಷ್ಟು ಪುರುಸೊತ್ತಿಲ್ಲ.

ಸುಮ್ಮನಿರಬಹುದಿತ್ತು.
ಕಪ್ಪೆಂದು ಬರೆದರೆ ಕಪ್ಪೇ, ಅಡಿಯಲ್ಲಿ ನನ್ನ ರುಜು.
ಕಪ್ಪು ನೂಲಿನ ಅಂಗಿ ಊರಲ್ಲಿ ಎಷ್ಟಿಲ್ಲ.
ಆದರೆ ಹುಡುಗಿ ಚಿಮುಟ ಇಳಿಸಿರಲಿಲ್ಲ,
ಗಿರಾಕಿಗಳಿಗೆ ದಿನಾ ಹೇಳುವ ಮಾತೇ ಬಾಯಿಗೆ ಬಂತು:
‘ಬಣ್ಣ ನೋಡುವುದಾದರೆ ಬಿಸಿಲಿಗೆ ಬಂದು ನೋಡಿ.’

ನೀಲ, ಎಂದೆ.
ಎರಡು ಭಾಷೆಗೂ ಒಂದೇ ಸಾಕಾಗುವ ಶಬ್ದ.
ಭಾಸ್ಕರನ್ ಹೊಡೆದುಹಾಕಿ, ಮೇಲೆ ತಿದ್ದಿ,
ತಿದ್ದಿದಲ್ಲಿ ನನ್ನ ಸಣ್ಣ ರುಜು ತೆಗೆದುಕೊಂಡ.
ಅರಗು ಕರಗಿತು. ಮುದ್ರೆ ಬಿತ್ತು.

ಸಂಜೆ ಪುನಃ ರಸ್ತೆ ದಾಟಿದರು, ರುಜುವಿಗಲ್ಲ.
ಉಳಿದ ರೀಲು ಕೊಂಡೊಯ್ದರು, ಅಳತೆ ಪುಸ್ತಕ ಕೊಂಡೊಯ್ದರು.
ಅದರಲ್ಲಿ ನಾನು ಪೂರಾ ಹೆಸರು ಬರೆಯುವವನಲ್ಲ.
‘ಐಸಿನ ದಾಮು. ಎದೆ ಮೂವತ್ತೆಂಟು,
ತೋಳು ಇಪ್ಪತ್ತಮೂರೂವರೆ, ಎಡ ಭುಜ ಸ್ವಲ್ಪ ಇಳಿ.’
ಪೆಟ್ಟಿಗೆ ಹೊತ್ತು ಹೊತ್ತು ಇಳಿದದ್ದು.
ಅದು ಕಾಣದ ಹಾಗೆ ಹೊಲಿದುಕೊಡುತ್ತಿದ್ದೆ.

ಕೇಸು ಇನ್ನೂ ವಿದ್ಯಾನಗರದ ಕೋರ್ಟಿನಲ್ಲಿ ಉಂಟು,
ವಾಯಿದೆಯ ಮೇಲೆ ವಾಯಿದೆ.
ಪುಸ್ತಕವೂ ಅಲ್ಲೇ, ಚೀಲದೊಳಗೆ, ನಂಬರು ಹಚ್ಚಿಕೊಂಡು;
ಅದರಲ್ಲಿ ಪೇಟೆಯ ಇನ್ನೂರ ಚಿಲ್ಲರೆ ಎದೆ, ಸೊಂಟ,
ಏನೂ ಮಾಡದವರದ್ದು.

ಈಗ ಬಂದವರನ್ನೆಲ್ಲ ಹೊಸದಾಗಿ ಅಳೆಯುತ್ತೇನೆ.
‘ಹಳೇದು ಇಲ್ಲವಾ ಐತ್ತಪ್ಪಣ್ಣ?’ ಕೇಳುತ್ತಾರೆ.
ಟೇಪು ಕುತ್ತಿಗೆಗೆ ಬರುವಾಗ
ಕೆಲವರು ಉಸಿರು ಹಿಡಿಯುತ್ತಾರೆ.
ಮೊದಲು ಹಿಡಿಯುತ್ತಿರಲಿಲ್ಲ.